ಬದನೆಕಾಯಿಗೆ ದೃಷ್ಟಿಬೊಟ್ಟು

ನನ್ನ ಸೋದರತ್ತೆ ಬದನೆಕಾಯಿಗೆ ದೃಷ್ಟಿ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಸುಗಳಿಗೆ, ಮದುಮಕ್ಕಳಿಗೆ, ಹೊಸದಾಗಿ ಕರು ಹಾಕಿದ ಹಸುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ತರಕಾರಿಗೆ ನಿವಾಳಿಸಿದವರು ಇಡೀ ಬೇಲೂರಿನಲ್ಲಿ ನಮ್ಮತ್ತೆ ಒಬ್ಬರೇ ಇರಬೇಕು. ಅದಕ್ಕೆ ಕಾರಣ ನಾನು. ಅವರ ಮನೆಗೆ ಹೋದ ಮಾರನೆಯ ದಿನವೇ ಹಜಾರದಲ್ಲಿ ಒಂದು ಮಣೆ ಹಾಕಿ, ಅದರ ಮೇಲೆ ಎರಡು ಬದನೆಕಾಯಿ, ಒಂದು ಸುಲಿದ ತೆಂಗಿನಕಾಯಿ, ಒಂದು ಹಿತ್ತಾಳೆ ಚೊಂಬು ಇಟ್ಟುಕೊಂಡು ಕೂತಿದ್ದೆ. ಒಂದು ಕಣ್ಣು ಮುಚ್ಚಿ, ತೋಳು ನೀಡಿ, ಪೆನ್ಸಿಲನ್ನು ಅಡ್ಡ ಹಿಡಿದು ಅವುಗಳ ಅಳತೆ ತೆಗೆಯುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನನ್ನು ನೋಡಿದರು.

"ತಿನ್ನೋ ಪದಾರ್ಥನ ಹಾಗೆ ನೋಡಬಾರದು ಕಣೇ. ಹೊಟ್ಟೆಗೆ ಹತ್ತಲ್ಲ," ಎಂದರು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಬದನೆಕಾಯಿಗಳಿಗೆ ನಿವಾಳಿಸಿ ಒಲೆಗೆ ಹಾಕಿದರು. ಆಮೇಲೆ ಆ ಬದನೆಕಾಯಿಗಳನ್ನೇ ಎತ್ತಿಕೊಂಡು ಹೋಗಿ ಎಣ್ಣೆಗಾಯಿ ಮಾಡಿದರು. ನಾನಿನ್ನೂ ಅರ್ಧವೇ ಬರೆದಿದ್ದ ಚಿತ್ರ ನನ್ನ ಎಲೆಯ ಮೇಲೆ ಬಂದು ಬಿತ್ತು. ಸಿಟ್ಟಿನಲ್ಲೇ ತಿಂದೆ. ಚೆನ್ನಾಗಿತ್ತು, ಇನ್ನೊಂದು ಹಾಕಿಸಿಕೊಂಡೆ.

ಇದು ನಡೆದದ್ದು ಐವತ್ತರ ದಶಕದ ಕೊನೆಯ ಹೊತ್ತಿಗೆ, ನನಗೆ ಇಪ್ಪತ್ತು ತುಂಬುವ ಮೊದಲು. ನಮ್ಮ ಮನೆ ಅರಸೀಕೆರೆಯಲ್ಲಿ, ಸ್ಟೇಷನ್ನಿನ ಮಗ್ಗುಲಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುವ ಜಾಗ ಖಾಲಿಯಿತ್ತು, ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸಾದ ಹೆಣ್ಣುಮಗಳಿದ್ದರೆ ಕಳಿಸಿ ಎಂದು ಹೆಡ್‌ಮಿಸ್ಟ್ರೆಸ್ಸು ಅಪ್ಪನಿಗೆ ಹೇಳಿದ್ದರು. ನಾನು ಆಗಲೇ ಒಂದು ಸಲ ಕೂತು ಫೇಲಾಗಿದ್ದೆ. ಈ ಸಲ ಪಾಸಾದರೆ ಕೆಲಸ, ಫೇಲಾದರೆ ಗೆಂಡೆಹಳ್ಳಿ ಕಡೆಯಿಂದ ಬಂದಿದ್ದ ಸಂಬಂಧಕ್ಕೆ ತಕರಾರಿಲ್ಲದೆ ಹೂಂ ಅನ್ನಬೇಕು ಎಂದು ಅಪ್ಪ ತೀರ್ಮಾನ ಕೊಟ್ಟರು. ಮದುವೆಯನ್ನು ಫೇಲಾದವರಿಗೆ ಹಾಕುವ ದಂಡದ ಹಾಗೆ ಹೇಳಿದರಲ್ಲ ಎಂದು ಅಮ್ಮನಿಗೆ ಬೇಸರ. ನನಗೆ ಮಾತ್ರ ಅದು ಸರಿಯಾಗಿಯೇ ಕೇಳಿಸಿತು. ಆ ಕೆಲಸ ನನಗೆ ಬೇಕಿತ್ತು. ಬಣ್ಣದ ಡಬ್ಬಿಯನ್ನು ಮುಚ್ಚಿ ಅಟ್ಟಕ್ಕೆ ಹಾಕುವುದನ್ನು ನೆನೆಸಿಕೊಂಡರೆ ಎದ್ದು ಹೋಗಿ ಅದನ್ನೊಮ್ಮೆ ತೆರೆದು ನೋಡುತ್ತಿದ್ದೆ.

ಪರೀಕ್ಷೆಯಲ್ಲಿ ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆಯಬೇಕು. ಜೊತೆಗೆ ಬಯಲಿನಲ್ಲಿ ಕೂತು ಬರೆದ ಒಂದು ಚಿತ್ರವನ್ನು ಮೊದಲೇ ಒಪ್ಪಿಸಬೇಕು. ಇದನ್ನು ಕಲಿಸಬಲ್ಲ ಡ್ರಾಯಿಂಗ್ ಮೇಷ್ಟ್ರು ಒಬ್ಬರು ರಿಟೈರಾಗಿ ಬೇಲೂರಿನಲ್ಲಿದ್ದರು, ನಮ್ಮತ್ತೆಯ ಬೀದಿಯಲ್ಲೇ. ಹಾಗಾಗಿ ನನ್ನ ಟ್ರಂಕು ಹಾರನಹಳ್ಳಿ, ಹಳೇಬೀಡು ದಾಟಿ ಬಸ್ಸಿನ ನೆತ್ತಿಯ ಮೇಲೆ ಬೇಲೂರಿಗೆ ಬಂತು.

ಮೇಷ್ಟ್ರು ತೆಳ್ಳಗೆ, ಬೆಳ್ಳಗೆ, ಸದಾ ನಶ್ಯ. ಮೊದಲ ದಿನ ನಾನು ದೇವಸ್ಥಾನದ ಒಂದು ಮದನಿಕೆಯನ್ನು ಬಹಳ ಶ್ರದ್ಧೆಯಿಂದ ಬರೆದುಕೊಂಡು ಹೋಗಿ ತೋರಿಸಿದೆ. ಅವರು ಅದನ್ನು ನೋಡದೆಯೇ ಪಕ್ಕಕ್ಕಿಟ್ಟರು.

"ಆ ಕಲ್ಲನ್ನ ಒಬ್ಬ ಆಗಲೇ ನೋಡಿ ಮುಗಿಸಿದ್ದಾನಮ್ಮ. ನೀನು ಬರೆದರೆ ಅವನು ನೋಡಿದ್ದನ್ನ ಬರೆದ ಹಾಗಾಗತ್ತೆ. ಬದನೆಕಾಯಿನ ಯಾರೂ ಸರಿಯಾಗಿ ನೋಡಿಲ್ಲ. ಹೋಗಿ ಅದನ್ನ ನೋಡು."

ದೇಶದ ಮೂಲೆ ಮೂಲೆಯಿಂದ ಜನ ಬಂದು ಆ ಗುಡಿಯ ಮುಂದೆ ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಅದಕ್ಕೆ ಬೆನ್ನು ಹಾಕಿ ಕೂತು ಬದನೆಕಾಯಿ ಬರೆದವಳು ನಾನೊಬ್ಬಳೇ. ಕಲಿತದ್ದು ಮಾತ್ರ ನಿಜ. ತೆಂಗಿನಕಾಯಿ ಕಂದು ಎಂದುಕೊಂಡು ಬಳಿದರೆ, "ಇದು ನಿನಗೆ ಗೊತ್ತಿದ್ದ ಕಾಯಿ. ಎದುರಿಗಿದ್ದ ಕಾಯಿ ಎಲ್ಲಿ?" ಎನ್ನುತ್ತಿದ್ದರು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಜುಂಗು, ಗೀರು, ಕಲೆ ಎಲ್ಲ ಮಾಯವಾಗಿ ಬೆಳಕು ನೆರಳು ಎರಡೇ ಉಳಿಯುತ್ತವೆ, ಮೊದಲು ಅವೆರಡನ್ನು ಹಿಡಿ ಎಂದರು. ನೆರಳಿಗೆ ನಾನು ಕಪ್ಪು ಬಣ್ಣ ಮುಟ್ಟಿದ ದಿನ ಡಬ್ಬಿಯಿಂದ ಕಪ್ಪು ಬಿಲ್ಲೆಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡರು. ಅದಾದ ಮೇಲೆ ನೋಡಿದರೆ, ಚೊಂಬಿನ ನೆರಳು ಕಪ್ಪಲ್ಲವೇ ಅಲ್ಲ. ಒಂದು ಮಗ್ಗುಲಲ್ಲಿ ಬದನೆಕಾಯಿಯ ನೇರಳೆ, ಇನ್ನೊಂದು ಮಗ್ಗುಲಲ್ಲಿ ಕಾವಿ ನೆಲದ ಕೆಂಪು ಅದರೊಳಗೆ ಸೇರಿಕೊಂಡಿತ್ತು. ಹತ್ತೊಂಬತ್ತು ವರ್ಷ ದಿನಾ ಚೊಂಬಿನಲ್ಲಿ ನೀರು ಕುಡಿದು ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದು ನನಗೆ ಖುಷಿಯೂ ಆಯಿತು, ರೇಗಿಯೂ ಹೋಯಿತು.

ಹೀಗೆ ಮೇಷ್ಟ್ರು ಇನ್ನಷ್ಟು ನೋಡು ಎನ್ನುವವರು, ಅತ್ತೆ ನೋಡಬೇಡ ಎನ್ನುವವರು. "ನರರ ಕಣ್ಣಿಗೆ ಮರವೂ ಸಿಡಿಯತ್ತೆ" ಎಂಬುದು ಅತ್ತೆಯ ಮಂತ್ರ. ಕಣ್ಣು ಬೀಳುವುದು ಚೆನ್ನಾಗಿರುವುದರ ಮೇಲೆ. ಕೊಳೆತದ್ದನ್ನು, ಮುರಿದದ್ದನ್ನು ಯಾರು ತಿರುಗಿ ನೋಡುತ್ತಾರೆ? ನಾನೋ ಸಂತೆಯಲ್ಲಿ ಆರಿಸಿ ಆರಿಸಿ ಹೊಳೆಯುವ ಬದನೆಕಾಯಿಯನ್ನೇ ತರುತ್ತಿದ್ದೆ. ಎರಡು ಮೂರು ಚಿತ್ರಗಳು ಹೀಗೆಯೇ ಹುಳಿ, ಗೊಜ್ಜು, ಪಲ್ಯಗಳಾಗಿ ಮುಗಿದ ಮೇಲೆ ನಾನು ಅತ್ತುಬಿಟ್ಟೆ. ಯಾರಾದರೂ ಅಳುವುದನ್ನು ಅತ್ತೆ ತಡೆದುಕೊಳ್ಳರು. ಒಂದು ರಾಜಿಗೆ ಬಂದರು. ಕೂಸಿನ ಕೆನ್ನೆಗೆ ಇಡುವ ಹಾಗೆ ಪ್ರತಿಯೊಂದು ಕಾಯಿಗೂ ಒಲೆಯ ಮಸಿಯಲ್ಲಿ ಒಂದು ದೃಷ್ಟಿಬೊಟ್ಟು ಇಟ್ಟುಕೊಡುವುದು. ಅದಿದ್ದರೆ ನಾನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅವರು ಎತ್ತಿಕೊಂಡು ಹೋಗುವುದಿಲ್ಲ.

ಕಂಡದ್ದನ್ನು ಕಂಡಂತೆ ಬರೆಯಬೇಕು ಎಂದು ಮೇಷ್ಟ್ರ ಅಪ್ಪಣೆ. ನಾನು ಬೊಟ್ಟನ್ನೂ ಬರೆದೆ. ಕಪ್ಪು ಬಿಲ್ಲೆ ಇರಲಿಲ್ಲವಾಗಿ ನೀಲಿಗೆ ಕಂದು ಬೆರೆಸಿ ಬಹಳ ಕಷ್ಟಪಟ್ಟು ಬರೆದೆ. ಮೇಷ್ಟ್ರು ಚಿತ್ರವನ್ನು ಬೆಳಕಿಗೆ ಹಿಡಿದರು.

"ಹುಳುಕು ಬದನೆಕಾಯಿ ಯಾಕೆ ತಂದೆ?"

"ಹುಳುಕಲ್ಲ ಮೇಷ್ಟ್ರೆ. ದೃಷ್ಟಿಬೊಟ್ಟು."

"ಚೊಂಬಿಗೂ ಇಟ್ಟಿದ್ದಾರಲ್ಲ?"

"ಚೊಂಬು ಅವರ ತವರಿಂದು. ಅದಕ್ಕೆ."

ಅವರು ನಶ್ಯದ ಚಿಟಿಕೆಯನ್ನು ಹಾಗೇ ಹಿಡಿದುಕೊಂಡು ನಗುವುದನ್ನು ತಡೆಯಲು ನೋಡಿದರು, ಆಗಲಿಲ್ಲ. ನಕ್ಕು, ಸೀನಿ, ಕಣ್ಣೊರೆಸಿಕೊಂಡು ಹೇಳಿದರು: "ಬರೆದದ್ದು ಸರಿ. ಆದರೆ ಕಾಯಿ ಗುಂಡಗಿದೆ, ಬೊಟ್ಟು ಚಪ್ಪಟೆ ಕೂತಿದೆ. ಕಾಯಿ ತಿರುಗಿದ ಹಾಗೆ ಬೊಟ್ಟೂ ತಿರುಗಬೇಕು." ಗುಂಡಗಿನ ವಸ್ತುವನ್ನು ಗುಂಡಗೆ ಬರೆಯುವುದನ್ನು ನಾನು ಕಲಿತದ್ದು ಆ ಬೊಟ್ಟುಗಳಿಂದ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರ ಯಜಮಾನರು ದೇವಸ್ಥಾನದಲ್ಲಿ ಪರಿಚಾರಕರಾಗಿದ್ದು ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಆವತ್ತಿನಿಂದ ಕೆಂಪು ಸೀರೆ, ತಲೆಯ ಮೇಲೆ ಸೆರಗು. ಬಾಯಿ ಬಹಳ ಚುರುಕು. ಹಾಲಿನವನು ನೀರು ಬೆರೆಸಿದರೆ ಅವನ ಹಸುವಿಗೂ ನಾಚಿಕೆಯಾಗುವಂತೆ ಮಾತಾಡುತ್ತಿದ್ದರು. ಅಂಥವರು, ಎದುರು ಮನೆಯವರು ಯಾವುದಾದರೂ ಕೆಲಸಕ್ಕೆ ಹೊರಡುವ ಸದ್ದಾದರೆ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬಾಗಿಲ ಮರೆಗೆ ಸರಿಯುತ್ತಿದ್ದರು. ಹೊರಡುವವರಿಗೆ ವಿಧವೆ ಎದುರಾಗಬಾರದು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಮೊದಲ ವಾರ ನಾನು ಅದನ್ನು ಗಮನಿಸಲೂ ಇಲ್ಲ.

ಬಯಲಿನ ಚಿತ್ರಕ್ಕೆ ಮೇಷ್ಟ್ರು ಹಳೇಬೀಡಿನ ಕೆರೆ ಏರಿ ಗೊತ್ತುಮಾಡಿದರು. ಹೆಣ್ಣುಮಗಳು ಒಬ್ಬಳೇ ಹೋಗುವ ಮಾತೇ ಇಲ್ಲ, ಅತ್ತೆ ಜೊತೆಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಹತ್ತುವವರೆಗೆ ದೂರ ನಿಂತಿದ್ದು ಕೊನೆಗೆ ಹತ್ತಿದರು. ಏರಿಯ ಮೇಲೆ ಒಂದು ಹೊಂಗೆಮರದ ಕೆಳಗೆ ಚಕ್ಕುಲಿಯ ಗಂಟು ಬಿಚ್ಚಿಕೊಂಡು ಕೂತರು. ಏರಿಯ ಕೆಳಗೆ ಒಬ್ಬ ಗೌಡನ ಹೊಲ. ರಾಗಿ ತೆನೆ ಬಿಡುತ್ತಿತ್ತು. ಬದುವಿನ ಮೇಲೆ ಒಂದು ಬಿಳೀ ಹಸು ಕಟ್ಟಿತ್ತು. ಅದರಾಚೆ ಮಂಕಾದ ಗುಡ್ಡಗಳ ಸಾಲು.

ಮಣೆಯ ಮೇಲಿನ ಚೊಂಬು ಹೇಳಿದ ಕಡೆ ಕೂತಿರುತ್ತಿತ್ತು. ಬಯಲಿಗೆ ಬಂದರೆ ಯಾವುದೂ ಮಾತು ಕೇಳುವುದಿಲ್ಲ. ಹಸು ತಿರುಗಿತು, ನೆರಳು ಜರುಗಿತು, ಮೋಡ ಬಂದು ರಾಗಿಯ ಬಣ್ಣವನ್ನೇ ಬದಲಿಸಿ ಹೋಯಿತು. ದೂರದ್ದನ್ನು ಮೊದಲು ತೆಳ್ಳಗೆ ಹಾಕು, ಹತ್ತಿರ ಬಂದಂತೆ ಗಟ್ಟಿ ಮಾಡು, ಓಡುವುದರ ಹಿಂದೆ ಓಡಬೇಡ, ಒಂದು ಹೊತ್ತಿನ ಬೆಳಕನ್ನು ಆರಿಸಿಕೊಂಡು ದಿನಾ ಅದೇ ಹೊತ್ತಿಗೆ ಬಂದು ಕೂರು, ಇದು ಮೇಷ್ಟ್ರ ಪಾಠ. ಕೆರೆಯ ನೀರು ನೀಲಿ ಎಂದುಕೊಂಡು ಹೋಗಿದ್ದೆ. ಬೆಳಿಗ್ಗೆ ಅದು ನೀರುಮಜ್ಜಿಗೆಯ ಬಣ್ಣದಲ್ಲಿತ್ತು. ಹಸುವಿನ ಹೊಟ್ಟೆಯ ಕೆಳಗೆ ರಾಗಿಯ ಹಸಿರು ಬಿದ್ದಿತ್ತು. ಇಂಥದ್ದನ್ನು ಕಂಡಾಗಲೆಲ್ಲ ನಾನು ಅತ್ತೆಯನ್ನು ಕೂಗಿ ತೋರಿಸುತ್ತಿದ್ದೆ; ಅವರು ಚಕ್ಕುಲಿ ಮುರಿಯುತ್ತ, "ಹಸಿರು ಹಸುನ ಯಾರಿಗೆ ಮಾರ್ತೀಯೇ?" ಎನ್ನುತ್ತಿದ್ದರು.

ಒಂದು ದಿನ ಗೌಡ ಹೊಲದ ಕೆಲಸ ಬಿಟ್ಟು ಏರಿ ಹತ್ತಿ ಬಂದ.

"ಏನ್ ಅಮ್ಮೋರೆ, ಬೆಳಗಿಂದ ನಮ್ ಹೊಲಾನೇ ನೋಡ್ತಾ ಕುಂತಿದೀರಲ್ಲ. ಅಳ್ತೆ ಗಿಳ್ತೆ ಮಾಡಾಕೆ ಬಂದ್ರಾ?"

"ಅಳತೆ ಅಲ್ಲಪ್ಪ, ಚಿತ್ರ ಬರೀತಾಳೆ," ಎಂದರು ಅತ್ತೆ. "ನೀನೇನೂ ಹೆದರಬೇಡ. ಮನೇಲಿ ಇವಳು ಏನು ನೋಡಿದರೂ ನಾನು ದೃಷ್ಟಿ ತೆಗೆದುಬಿಡ್ತೀನಿ."

ಅವನು ಅಲ್ಲಿಯವರೆಗೆ ಹೆದರಿರಲಿಲ್ಲ. ಈ ಮಾತು ಕೇಳಿ ಹೆದರಿದ. ಮಾರನೆಯ ದಿನ ನಾವು ಹೋದಾಗ ಹೊಲದ ನಟ್ಟನಡುವೆ ಒಂದು ಕೋಲು, ಅದರ ಮೇಲೆ ಸುಣ್ಣದ ಚುಕ್ಕೆ ಇಟ್ಟ ಕರೀ ಮಡಕೆ, ಪಕ್ಕದಲ್ಲಿ ಒಂದು ಹರಿದ ಚಪ್ಪಲಿ. ಅದೂ ಎಲ್ಲಿ? ನಾನು ಬೆಳಕಿಗೆಂದು ಬಣ್ಣ ಮುಟ್ಟಿಸದೆ ಉಳಿಸಿಕೊಂಡಿದ್ದ ಜಾಗದಲ್ಲಿ. ಹಲ್ಲು ಕಚ್ಚಿಕೊಂಡು ಮಡಕೆಯನ್ನು ಬರೆದೆ. ಮೇಷ್ಟ್ರು ಅದನ್ನು ನೋಡಿ, "ಇಷ್ಟು ದಿನ ಈ ಚಿತ್ರದಲ್ಲಿ ಕಣ್ಣು ನಿಲ್ಲೋಕೆ ಜಾಗವೇ ಇರಲಿಲ್ಲ. ಗೌಡನಿಗೆ ನನ್ನ ನಮಸ್ಕಾರ ಹೇಳು," ಎಂದರು. ನಾನು ಹಿಗ್ಗಿಹೋದೆ. ಇನ್ನು ಉಳಿದದ್ದು ಬದು, ಹಸು, ಮುಂದಿನ ಹುಲ್ಲು. ಆ ಚಿತ್ರ ಮುಗಿದರೆ ಪಾಸಾಗುತ್ತೇನೆ ಎಂಬ ಧೈರ್ಯ ನನಗೆ ಮೊದಲ ಸಲ ಬಂತು.

ನಮಸ್ಕಾರ ಹೇಳುವ ಸಂದರ್ಭ ಬರಲಿಲ್ಲ. ಮತ್ತೆ ಹೋದ ದಿನ ಗೌಡ ಏರಿಯ ಮೇಲೆಯೇ ನಮಗಾಗಿ ಕಾಯುತ್ತ ನಿಂತಿದ್ದ. ಹಸು ಬದುವಿನ ಮೇಲೆ ಇರಲಿಲ್ಲ.

"ತಪ್ಪು ತಿಳೀಬ್ಯಾಡಿ ಅಮ್ಮೋರೆ. ನಮ್ ಹಸ ಹಾಲು ಕೊಡಾದು ನಿಲ್ಸೈತೆ. ನಮ್ಮನೇವ್ಳು ಒಂದೇ ಸಮ ಅಳ್ತಾವ್ಳೆ. ನೀವಿನ್ನು ಈ ಕಡೀಕೆ ಬರ್ಬ್ಯಾಡಿ."

ಜಗಳವಾಡಲು ನನ್ನ ಬಾಯಿ ತುದಿಗಾಲಲ್ಲಿತ್ತು. ಆದರೆ ಅವನು ಕೈ ಮುಗಿದುಕೊಂಡು ಹೇಳುತ್ತಿದ್ದ. ಮುಗಿದ ಕೈಯ ಹತ್ತಿರ ಏನು ಜಗಳ? ಬಸ್ಸು ಹಿಡಿದು ವಾಪಸು ಬಂದೆವು. ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ಅತ್ತೆ, ಇವತ್ತು ಸಾರಿಗೆ ಬೇಳೆ ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲಿ ಹೇಳಿದರು.

"ನಿನ್ನ ಕಣ್ಣಲ್ಲ ಕಣೇ ಅದು. ನಾನು ಬಂದೆನಲ್ಲ. ದಿನಾ ಬೆಳಿಗ್ಗೆ ಅವನು ನನ್ನ ಮುಖ ನೋಡಿ ಹೊಲಕ್ಕೆ ಇಳಿದ. ಇನ್ನು ನಾನು ಬರಲ್ಲ."

ಅವರು ಬಾರದಿದ್ದರೆ ನಾನು ಹೋಗುವಂತಿಲ್ಲ. ಹೋಗದಿದ್ದರೆ ಚಿತ್ರವಿಲ್ಲ. ನೆನಪಿನಿಂದ ಮುಗಿಸಿದ್ದು ಎಂದು ಗೊತ್ತಾದರೆ ಮೇಷ್ಟ್ರು ಅದನ್ನು ಹರಿದುಹಾಕುತ್ತಾರೆ. ಕೆಲಸ ಹೋಯಿತು, ಗೆಂಡೆಹಳ್ಳಿ ಬಂತು. ಇದೆಲ್ಲ ನನಗೆ ತಕ್ಷಣ ಹೊಳೆಯಬೇಕಿತ್ತು, ಹೊಳೆಯಿತೂ ಕೂಡ. ಆದರೆ ಮೈಯೆಲ್ಲ ಉರಿದದ್ದು ಅದಕ್ಕಲ್ಲ. ಅವರು ಆ ಮಾತನ್ನು ಎಷ್ಟು ಸಲೀಸಾಗಿ ಆಡಿದರು ಎಂಬುದಕ್ಕೆ.

"ಹಾಗಾದರೆ ನಾಳೆ ಇಲ್ಲೇ ಕೂತುಕೊಳ್ಳಿ ಅತ್ತೆ," ಎಂದೆ. "ಬೆಳಿಗ್ಗೆ ಎದ್ದು ಬೇರೆ ಯಾರನ್ನೂ ನೋಡದೆ ನಿಮ್ಮ ಮುಖಾನೇ ನೋಡ್ತೀನಿ. ಹೊತ್ತೆಲ್ಲ ನೋಡ್ತೀನಿ. ನನಗೇನು ಆಗತ್ತೋ ಆಗಲಿ."

"ಹುಚ್ಚುಹುಚ್ಚಾಗಿ ಆಡಬೇಡ," ಎಂದರು. ಆದರೂ ಮಾರನೆಯ ದಿನ ಹಿತ್ತಿಲ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸಲು ಕೂತರು. ಯಾವತ್ತೂ ಅಡುಗೆಮನೆಯೊಳಗೆ ಕೂತು ಆರಿಸುವವರು. ನಾನು ಹಲಗೆ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತೆ.

ಮನುಷ್ಯರ ಮುಖ ನನ್ನ ಪರೀಕ್ಷೆಯಲ್ಲಿ ಇರಲಿಲ್ಲ. ಚೊಂಬನ್ನು ಹೇಗೆ ನೋಡುವುದೋ ಹಾಗೇ ನೋಡಿದೆ, ಬೇರೆ ವಿದ್ಯೆ ಗೊತ್ತಿರಲಿಲ್ಲ. ಮೊದಲು ಅರ್ಧ ಕಣ್ಣು ಮುಚ್ಚಿ ಬೆಳಕು, ನೆರಳು. ಕೆಂಪು ಸೀರೆ ಕೆಂಪಾಗಿರಲಿಲ್ಲ. ಮೊಣಕಾಲ ಮೇಲೆ ಬಿಸಿಲು ಬಿದ್ದ ಕಡೆ ಕಿತ್ತಳೆಯಾಗಿತ್ತು, ನೆರಿಗೆಯೊಳಗೆ ನಮ್ಮ ಬದನೆಕಾಯಿಯ ಬಣ್ಣವೇ ಇತ್ತು. ಸೀರೆಯ ಕೆಂಪು ಗಲ್ಲದ ಕೆಳಗೆ ಬಿದ್ದು ಅಲ್ಲಿ ಚರ್ಮ ಬೆಚ್ಚಗೆ ಕಾಣುತ್ತಿತ್ತು. ಅವರು ಅಷ್ಟು ಚೆನ್ನಾಗಿದ್ದಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮನೆಯಲ್ಲಿದ್ದು, ಕೈಯಡುಗೆ ಉಂಡು, ಜಗಳವಾಡಿ, ಅವರ ಚೊಂಬನ್ನು ಅಷ್ಟು ನೋಡಿದ್ದವಳು ಅವರನ್ನು ನೋಡಿರಲಿಲ್ಲ.

ಶುರುವಿನಲ್ಲಿ ಮುಖ ಆ ಕಡೆ ತಿರುಗಿಸಿದರು, ಸೆರಗು ಎಳೆದುಕೊಂಡರು, ಇಲ್ಲದ ಕಲ್ಲನ್ನು ಅಕ್ಕಿಯಲ್ಲಿ ಹುಡುಕಿದರು. "ಆಯ್ತೇನೇ?" ಎಂದು ಮೂರು ಮಾತಿಗೊಮ್ಮೆ ಕೇಳಿದರು. ಆಮೇಲಾಮೇಲೆ ಕೇಳುವುದು ನಿಂತಿತು. ಪಕ್ಕದ ಮನೆಯವರು ಯಾರೋ ಹಿತ್ತಿಲ ದಾರಿಯಿಂದ ಹೊರಡುವ ಸದ್ದಾಯಿತು. ಎದ್ದುಹೋಗುತ್ತಾರೇನೋ ಎಂದುಕೊಂಡೆ, ಏಳಲಿಲ್ಲ. ಅಕ್ಕಿ ಮುಗಿದಿದ್ದರೂ ಮೊರವನ್ನು ಹಾಗೇ ಹಿಡಿದುಕೊಂಡಿದ್ದರು. ನಾನು ಕೈ ಬೇಗ ಬೇಗ ಓಡಿಸುವುದನ್ನು ಕಂಡು, "ಅವಸರ ಮಾಡಬೇಡ. ಅಡುಗೆ ನಿಧಾನ ಆದರೆ ಆಗಲಿ," ಎಂದರು.

ಚಿತ್ರವನ್ನು ಅವರ ಮುಂದೆ ನೆಲದ ಮೇಲಿಟ್ಟೆ. ಆ ಮನೆಯಲ್ಲಿ ಕನ್ನಡಿ ಇರಲಿಲ್ಲ. ಎಷ್ಟು ವರ್ಷದಿಂದ ಎಂದು ನಾನು ಕೇಳಿರಲಿಲ್ಲ. ಅವರು ಬಗ್ಗಿ, ಮುಟ್ಟದೆ, ಬಹಳ ಹೊತ್ತು ನೋಡಿದರು.

"ಮೂಗು ನಮ್ಮಪ್ಪಂದೇ ಬಂದಿದೆ," ಎಂದರು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹಳೇಬೀಡಿಗೆ ಮತ್ತೆ ಹೋದೆವು, ಇಬ್ಬರೂ. ಬೇಡವೆಂದಿದ್ದ ಗೌಡನ ಹತ್ತಿರ ಮಾತಾಡಿ ದಾರಿಗೆ ತಂದವರು ಅತ್ತೆಯೇ. ಆಮೇಲೆ ಹಸುವೂ ಹಾಲು ಕೊಡತೊಡಗಿತು. ಕರು ಹಗ್ಗ ಕಳಚಿಕೊಂಡು ಬೆಳಗಾಗುವ ಮೊದಲೇ ಕುಡಿದುಬಿಡುತ್ತಿತ್ತು ಎಂಬುದು ಗೌಡನಿಗೆ ಪತ್ತೆಯಾಗಿ, ಅವನೇ ನಾಚಿಕೊಂಡು ಹಸುವನ್ನು ಬದುವಿನ ಮೇಲೆ ತಂದು ಕಟ್ಟಿದ. ಚಿತ್ರ ಮುಗಿಯಿತು, ನಾನು ಪಾಸಾದೆ, ಅರಸೀಕೆರೆಯ ಆ ಶಾಲೆಯಲ್ಲೇ ಮಕ್ಕಳಿಗೆ ಬದನೆಕಾಯಿ ಬರೆಸುತ್ತ ನನಗೂ ವಯಸ್ಸಾಯಿತು. ಆದರೆ ಆ ಮಧ್ಯಾಹ್ನ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಚಿತ್ರ ಅರ್ಧಕ್ಕೆ ನಿಂತಿತ್ತು, ಹಸು ಹಾಲು ಕೊಡುತ್ತಿರಲಿಲ್ಲ.

ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಉಪ್ಪು, ಒಣಮೆಣಸಿನಕಾಯಿ ತಂದರು. ಚಿತ್ರಕ್ಕೆ ನಿವಾಳಿಸುತ್ತಾರೆ ಎಂದುಕೊಂಡೆ. ಅವರು ಅವನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟು, ತಾವು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತರು.

"ಅಷ್ಟು ಹೊತ್ತು ನೋಡಿದ್ದೀಯ. ತೆಗಿ."

ಚಿಕ್ಕವರು ದೊಡ್ಡವರಿಗೆ ದೃಷ್ಟಿ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಅವರಿಗೆ ಕೊನೆಯ ಸಲ ಯಾರಾದರೂ ತೆಗೆದದ್ದು ಅವರ ಮದುವೆಯಲ್ಲೇ ಇರಬೇಕು. ನಾನು ಅವನ್ನು ಹಿಡಿಯಲ್ಲಿ ತೆಗೆದುಕೊಂಡು ಅವರ ತಲೆಯ ಸುತ್ತ ನಿವಾಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಅಡುಗೆಮನೆ ಮಡಿಯಾದ್ದರಿಂದ ಹಿತ್ತಿಲ ನೀರೊಲೆಗೆ ಹಾಕಿದೆ.

ದೃಷ್ಟಿ ತೆಗೆದ ಮೆಣಸಿನಕಾಯಿ ಉರಿಯುವಾಗ ಘಾಟು ಬಂದರೆ ದೃಷ್ಟಿ ಬಿದ್ದಿಲ್ಲ ಎಂದು ಅರ್ಥ. ಘಾಟೇ ಬರದಿದ್ದರೆ ಭಾರಿ ಕಣ್ಣು ಬಿದ್ದಿತ್ತು ಎಂದು. ಅವತ್ತು ಬಂದಂಥ ಘಾಟನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಹಿತ್ತಿಲೆಲ್ಲ ತುಂಬಿತು, ಪಕ್ಕದ ಮನೆಯಲ್ಲಿ ಯಾರೋ ಕೆಮ್ಮುತ್ತ ಬಾಗಿಲು ಹಾಕಿಕೊಂಡರು. ನಾನು ಸೀನಿ ಸೀನಿ ಸಾಕಾಗಿ ಗೋಡೆ ಹಿಡಿದು ನಿಂತೆ. ಅತ್ತೆ ಮಣೆಯ ಮೇಲೆಯೇ ಕೂತಿದ್ದರು. ಕಣ್ಣು ಮೂಗೆಲ್ಲ ನೀರು, ಉಸಿರು ಹಿಡಿದು ಕೆಮ್ಮನ್ನು ಒತ್ತಿಕೊಳ್ಳುತ್ತಿದ್ದರು.

"ನೋಡಿದೆಯೇನೇ," ಎಂದರು, ದನಿ ಹೊರಟಾಗ. "ಒಂದು ಚೂರೂ ಘಾಟು ಬರಲಿಲ್ಲ."

"ಇಲ್ಲ ಅತ್ತೆ," ಎಂದೆ. "ಬರಲೇ ಇಲ್ಲ."